ಮೇಲಿನ ಮನೆಯ ಅಜ್ಜಿಗೆ ಹೆಸರು ಕೊಟ್ಟವರು

ನನ್ನ ಕೆಲಸವೇ ಹೆಸರು ಹುಡುಕುವುದು. ಸೌದಿಯ ಜಿದ್ದಾದ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಕುಳಿತಿದ್ದೇನೆ. ರೋಗಿಯ ಸ್ವಂತ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಮೂರೂ ಒಂದೇ ಆಗಿರುವ ನಾಲ್ಕು ಜನ ಒಂದೇ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವ ಊರು ಇದು. ಒಬ್ಬರ ಎಕ್ಸ್‌ರೇ ಇನ್ನೊಬ್ಬರ ಫೈಲಿಗೆ ಹೋದರೆ ಬೈಸಿಕೊಳ್ಳುವವಳು ನಾನು. ಇಷ್ಟು ವರ್ಷದಲ್ಲಿ ಹಾಗೆ ಆದದ್ದು ಕಡಿಮೆ. ಹಾಗಾಗಿ ಹೆಸರಿನ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಉಂಟು, ಒಪ್ಪಿಕೊಳ್ಳುತ್ತೇನೆ. ಕೋಪವೂ ಉಂಟು. ಅದು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಸುಮ್ಮನಿದ್ದರೆ ಅದು ಅಲ್ಲೇ ಇರುತ್ತದೆ, ಮಾತಾಡಿದರೆ ಮಾತ್ರ ನಾಲಿಗೆಗೆ ಇಳಿಯುತ್ತದೆ.

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುವ ಗೆಳತಿಯೊಬ್ಬಳು ನಮ್ಮ ಬಿಲ್ಡಿಂಗಿನಲ್ಲೇ, ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾಳೆ. ಎರಿಟ್ರಿಯಾದವಳು. ಜಿದ್ದಾದ ಕಡಲಿನ ಆಚೆ ದಡ ಅವರ ದೇಶ. ಗಂಡನಿಗೆ ದೂರದ ತಬೂಕ್ ಊರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಮನೆಯಲ್ಲಿ ಅವಳು ಮತ್ತು ಅವಳ ತಾಯಿ. ಆ ತಾಯಿಗೆ ಎಂಬತ್ತು ದಾಟಿ ನಾಲ್ಕೈದು ವರ್ಷ ಆಗಿದೆ. ಗೋಧಿ ಬಣ್ಣದ ಮುಖ, ನರೆತ ಗುಂಗುರು ಕೂದಲು, ಬೆಳಿಗ್ಗೆ ಎದ್ದ ಕೂಡಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತುಬಿಡುವ ಹೆಂಗಸು. ನಾನು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ಅಜ್ಜಿ ಅಂದರೆ ಏನೆಂದು ಕೇಳಿ ತಿಳಿದುಕೊಂಡ ಮೇಲೆ ಅವರು ನನ್ನ ಗಂಡನಿಗೂ ಹಾಗೇ ಕರೆಯಲು ಹೇಳಿದರು.

ನಮ್ಮ ಮಾತುಕತೆ ನಡೆಯುತ್ತಿದ್ದುದು ಅರ್ಧ ಅರಬಿಯಲ್ಲಿ, ಕಾಲು ಇಂಗ್ಲಿಷಿನಲ್ಲಿ, ಉಳಿದದ್ದು ಕೈಸನ್ನೆಯಲ್ಲಿ. ಆದರೆ ನನ್ನ ಕಿವಿಗೆ ಅದೆಲ್ಲ ಉಡುಪಿ ಕಡೆಯ ಕನ್ನಡದಲ್ಲೇ ಬಿದ್ದ ಹಾಗೆ ನೆನಪು. ಹಾಗೇ ಬರೆಯುತ್ತೇನೆ.

ಶುಕ್ರವಾರ ಶರಫಿಯಾ ಪೇಟೆಗೆ ಹೋಗಿ ಮೀನು, ಕುಚ್ಚಲಕ್ಕಿ ತಂದು, ಊಟ ಮಾಡಿ, ಸಂಜೆ ನಾಲ್ಕಕ್ಕೆ ನಾನು ಮೇಲೆ ಹೋಗುವುದು ರೂಢಿಯಾಯಿತು. ಅಲ್ಲಿ ಕಾಫಿ ಎಂದರೆ ಒಂದು ಲೋಟ ಕುಡಿದು ಏಳುವ ವಿಷಯ ಅಲ್ಲ. ಹಸಿ ಬೀಜವನ್ನು ಎದುರಿಗೇ ಹುರಿಯುತ್ತಾರೆ, ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿಯುತ್ತಾರೆ, ಕುಟ್ಟಿ, ಶುಂಠಿ ಹಾಕಿ, ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸುತ್ತು ಕುಡಿಯದೆ ಎದ್ದರೆ ಮರ್ಯಾದೆ ಅಲ್ಲ. ಮೊದಮೊದಲು ನನಗೆ ಇದೆಂತ ರಗಳೆ ಅನ್ನಿಸಿತ್ತು. ಆಮೇಲೆ ಶುಕ್ರವಾರ ತಪ್ಪಿದರೆ ತಲೆನೋವು ಬರುವಷ್ಟಾಯಿತು. ನಾನು ಗೋಳಿಬಜೆ ಮಾಡಿಕೊಂಡು ಹೋಗುತ್ತಿದ್ದೆ. ಅಜ್ಜಿ ಎರಡು ತಿಂದು, ಮೂರನೆಯದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಬದಿಗೆ ಇಟ್ಟುಕೊಳ್ಳುತ್ತಿದ್ದರು.

ಅಜ್ಜಿಯ ಮನೆತನದ ಹೆಸರು ಇಟಲಿಯದ್ದು. ಇಲ್ಲಿಯ ವಾಸದ ಪರವಾನಗಿ, ಇಕಾಮಾ ಕಾರ್ಡಿನಲ್ಲಿ ಅರಬಿ ಅಕ್ಷರದಲ್ಲಿ ಅದನ್ನು ನೋಡಿದ ಮೊದಲ ದಿನ ನಾನು, "ಇದೆಂತ ಅಜ್ಜಿ, ಪಿಜ್ಜಾ ಅಂಗಡಿಯ ಬೋರ್ಡಿನ ಹಾಗೆ ಉಂಟಲ್ಲ?" ಎಂದುಬಿಟ್ಟಿದ್ದೆ. ನನ್ನ ಬಾಯಿಗೆ ಬೀಗ ಇಲ್ಲ. ಗೆಳತಿಯ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ನಕ್ಕರು. "ಅದರ ಅರ್ಥ ಕಮ್ಮಾರ ಅಂತ. ನನ್ನ ಅಪ್ಪನ ಅಪ್ಪ ಯಾರೋ ಕಬ್ಬಿಣ ಬಡೀತಿದ್ದ. ನಾನು ಅವರ ಪೈಕಿ ಹೌದೋ ಅಲ್ವೋ ಅಂತ ನನಗೆ ಸಾಯುವ ಮೊದಲು ಗೊತ್ತಾಗ್ಬೇಕು" ಎಂದರು.

ಆ ಕತೆಯನ್ನು ಅವರು ಒಂದೇ ದಿನ ಹೇಳಿದ್ದಲ್ಲ. ಹಲವು ಶುಕ್ರವಾರ ಬೇಕಾಯಿತು. ನಾನು ಜೋಡಿಸಿ ಹೇಳುತ್ತೇನೆ.

ಇಟಲಿಯವರು ಎರಿಟ್ರಿಯಾವನ್ನು ಆಳುತ್ತಿದ್ದ ಕಾಲದಲ್ಲಿ ತಮ್ಮ ಊರಿನಲ್ಲಿ ದುಡಿಮೆ ಇಲ್ಲದ ಗಂಡಸರು ಹಡಗು ಹತ್ತಿ ಅಲ್ಲಿಗೆ ಬಂದರು. ರಸ್ತೆ ಕಟ್ಟಲು, ಲಾರಿ ಓಡಿಸಲು, ಗಾರೆ ಕೆಲಸ ಮಾಡಲು. ಅಜ್ಜಿಯ ಅಪ್ಪ ಹಾಗೆ ಬಂದ ಕಲ್ಲುಕಟ್ಟುವ ಮೇಸ್ತ್ರಿ. ನಮ್ಮವರು ಗಲ್ಫಿಗೆ ಬಂದ ಹಾಗೆಯೇ, ಏನೂ ವ್ಯತ್ಯಾಸ ಇಲ್ಲ. ರಾಜಧಾನಿ ಅಸ್ಮಾರದಲ್ಲಿ ಅವನಿಗೆ ಅಡುಗೆ ಮಾಡಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯ ಜೊತೆ ಸಂಸಾರ ನಡೆಯಿತು. ಎರಡನೆಯ ಮಹಾಯುದ್ಧ ಹತ್ತಿರ ಬರುತ್ತಿದ್ದಾಗ ಈ ಅಜ್ಜಿ ಹುಟ್ಟಿದರು. ಯುದ್ಧ ಮುಗಿದು ಇಟಲಿಯವರ ಆಳ್ವಿಕೆ ಹೋದ ಮೇಲೆ, ಮಗುವಿಗೆ ಐದು ತುಂಬಿದಾಗ, ಅಪ್ಪ ಊರಿಗೆ ಹೋದವನು ತಿರುಗಿ ಬರಲಿಲ್ಲ. ಒಂದು ಪೆಟ್ಟಿಗೆ, ಒಂದು ಕೋಟು, ಕೆಲಸದ ಗುರುತಿನ ಪುಸ್ತಕ ಒಂದು, ಇಷ್ಟು ಬಿಟ್ಟು ಹೋಗಿದ್ದ.

ಉಳಿದದ್ದು ಹೆಸರು. ಕೆಲವು ಇಟಲಿಯ ಗಂಡಸರು ಇಂಥ ಮಕ್ಕಳನ್ನು ತಮ್ಮದೆಂದು ಬರೆಸಿ ಮನೆತನದ ಹೆಸರು ಕೊಟ್ಟಿದ್ದರು, ಕೆಲವರು ಕೊಡಲಿಲ್ಲ. ಕೊಟ್ಟವರ ಮಕ್ಕಳು ಒಂದು ಜಾತಿ, ಕೊಡದವರ ಮಕ್ಕಳು ಇನ್ನೊಂದು ಜಾತಿ. ಸನ್ಯಾಸಿನಿಯರ ಶಾಲೆಯಲ್ಲಿ ಅಜ್ಜಿ ಕಮ್ಮಾರರ ಹೆಸರಿನಲ್ಲೇ ಓದಿದರು. ಅಮ್ಮ ಯಾವಾಗಲೂ ಹೇಳುತ್ತಿದ್ದದ್ದು ಒಂದೇ ಮಾತು: "ನಿನ್ನ ಅಪ್ಪನೇ ಕೊಟ್ಟದ್ದು." ಹನ್ನೆರಡು ವರ್ಷ ಆದಾಗ ಯಾವುದೋ ಕಾಗದಕ್ಕೆಂದು ಇಟಲಿಯವರ ಕಾನ್ಸುಲೇಟ್ ಕಚೇರಿಗೆ ಹೋದರೆ, ಅಲ್ಲಿಯ ಗುಮಾಸ್ತ ದೊಡ್ಡ ಪುಸ್ತಕ ತಿರುಗಿಸಿ, ಎಲ್ಲರ ಎದುರು, "ಈ ಹೆಸರು ನಿನ್ನದಲ್ಲ. ನಿನ್ನ ಅಮ್ಮ ಕದ್ದು ಅಂಟಿಸಿದ್ದಾಳೆ" ಎಂದನಂತೆ. ಹುಡುಗಿ ಓಡಿಕೊಂಡು ಮನೆಗೆ ಬಂದಳು. ಒಲೆಯ ಮುಂದೆ ಕುಳಿತಿದ್ದ ಅಮ್ಮನಿಗೆ, "ನೀನು ಕಳ್ಳಿ" ಎಂದಳು.

"ಅಮ್ಮ ಎಂತ ಹೇಳಿದ್ರು?" ಎಂದು ಕೇಳಿದ್ದೆ ನಾನು.

"ಎಂತದೂ ಇಲ್ಲ. ಊಟಕ್ಕೆ ಬಡಿಸಿದಳು."

ಅಮ್ಮ ತೀರಿಹೋಗಿ ಅರುವತ್ತು ವರ್ಷದ ಮೇಲಾಯಿತು. ಆ ಮಾತು ಮಾತ್ರ ಇವರ ಎದೆಯಲ್ಲಿ ಮುಳ್ಳಿನ ಹಾಗೆ ಹಾಗೇ ಉಳಿದಿತ್ತು. ಅಪ್ಪ ನಿಜವಾಗಿ ಹೆಸರು ಕೊಟ್ಟಿದ್ದರೆ ಗುಮಾಸ್ತ ಸುಳ್ಳುಗಾರ, ಅಮ್ಮ ಸತ್ಯವಂತೆ. ಇಲ್ಲದಿದ್ದರೆ ಅಮ್ಮ ಜೀವಮಾನ ಇಡೀ ಮಗಳಿಗೆ ಸುಳ್ಳು ಹೇಳಿದ ಹಾಗೆ. ಅಷ್ಟು ತಿಳಿದರೆ ಸಾಕಿತ್ತು ಅವರಿಗೆ. ಆಸ್ತಿ ಬೇಡ, ಪಾಸ್‌ಪೋರ್ಟ್ ಬೇಡ. ಹೃದಯದ ಬಡಿತ ಸರಿ ಇಲ್ಲವೆಂದು ನಮ್ಮ ಆಸ್ಪತ್ರೆಯ ಡಾಕ್ಟರು ಎರಡು ಸಲ ಹೇಳಿದ ಮೇಲೆ ಗೆಳತಿಗೂ ಅವಸರ ಹತ್ತಿತ್ತು.

ಅವಳು ಪ್ರಯತ್ನ ಮಾಡದೆ ಇರಲಿಲ್ಲ. ಕೆಲಸದ ಪುಸ್ತಕದಲ್ಲಿ ಅಪ್ಪನ ಊರಿನ ಹೆಸರು ಇತ್ತು. ದಕ್ಷಿಣ ಇಟಲಿಯ ಗುಡ್ಡದ ಮೇಲಿನ ಒಂದು ಸಣ್ಣ ಪಟ್ಟಣ. ಅಲ್ಲಿಯ ಪುರಸಭೆಗೆ ಬರೆದಳು. ಏಳು ತಿಂಗಳ ನಂತರ ಉತ್ತರ ಬಂತು: ಈ ಹೆಸರು, ಈ ಮನೆತನದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಹುಟ್ಟಿದ ತಾರೀಕು ಕೊಡಿ. ಕೆಲಸದ ಪುಸ್ತಕದಲ್ಲಿ ತಾರೀಕು ಇದ್ದ ಪುಟವೇ ಇರಲಿಲ್ಲ. ಕಮ್ಮಾರ ಎಂಬ ಮನೆತನ ಆ ಕಡೆ ಗಲ್ಲಿಗೊಂದು. ನಮ್ಮ ಊರಿಗೆ ಬಂದು ಶೆಟ್ಟರ ಮನೆ ಎಲ್ಲಿ ಎಂದು ಕೇಳಿದ ಹಾಗೆ ಆಯಿತು.

ಆಗ ನಾನು ಮಧ್ಯೆ ಹೋದೆ. ಅಧಿಕಪ್ರಸಂಗ ನನ್ನ ಹುಟ್ಟುಗುಣ. "ನನಗೆ ಕೊಡು ಆ ಪುಸ್ತಕ. ಹೆಸರು ಹುಡುಕುವವಳು ನಾನಾ ನೀನಾ?" ಎಂದೆ.

ಕಂದು ರಟ್ಟಿನ, ಅಂಗೈಯಷ್ಟು ದೊಡ್ಡ ಪುಸ್ತಕ. ನೀರು ಬಿದ್ದು ಅರ್ಧ ಕಲೆ. ಇಟಲಿಯವರ ಕಾಗದಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ ಎಂದು ಅವತ್ತು ಗೊತ್ತಾಯಿತು. ಇಂಥವನ ಮಗ ಎಂದು ಬರೆದು ಬಿಡುವುದಿಲ್ಲ, ಇಂಥವಳ ಮಗ ಎಂದೂ ಬರೆಯುತ್ತಾರೆ. ಹೆಂಗಸಿಗೆ ಮದುವೆ ಆಗಿ ಹತ್ತು ಮಕ್ಕಳಾದರೂ ಕಾಗದದಲ್ಲಿ ಅವಳು ತವರುಮನೆಯ ಹೆಸರಿನಲ್ಲೇ ಇರುತ್ತಾಳೆ. ಈ ಪುಸ್ತಕದಲ್ಲಿ ಮೇಸ್ತ್ರಿಯ ತಾಯಿಯ ಸ್ವಂತ ಹೆಸರು ನೀರಿನಲ್ಲಿ ಅಳಿಸಿಹೋಗಿತ್ತು. ತವರುಮನೆಯ ಹೆಸರು ಮಾತ್ರ ಸ್ಪಷ್ಟವಾಗಿತ್ತು.

ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ ಇಬ್ಬರೂ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕುಳಿತೆವು. ಪುರಸಭೆಯ ವೆಬ್‌ಸೈಟಿನಲ್ಲಿ ವಂಶ ಹುಡುಕುವವರಿಗೆಂದೇ ಒಂದು ಅರ್ಜಿ ಇತ್ತು. ಅವಳಿಗೆ ಗಂಡನ ಫೋನು ಬಂತು, ಎದ್ದು ಬಾಲ್ಕನಿಗೆ ಹೋದಳು. ನಾನು ಪಟಪಟ ತುಂಬಿಸಿದೆ. ಹುಡುಕಬೇಕಾದವನ ಹೆಸರು ಏನು, ಯಾವ ಊರು, ಯಾವ ಕುಟುಂಬ. ಎಲ್ಲ ಬರೆದು, ಕೊನೆಯ ಟಿಪ್ಪಣಿಯ ಜಾಗದಲ್ಲಿ ಅಜ್ಜಿಯ ಕತೆಯನ್ನೂ, ಅಪ್ಪನ ಕಡೆಯ ಹೆಸರನ್ನೂ ಹಾಕಿ, ಅವಳು ಒಳಗೆ ಬರುವಷ್ಟರಲ್ಲಿ ಕಳುಹಿಸಿಯೇ ಬಿಟ್ಟೆ. "ಖಲಾಸ್. ಚಾ ಕುಡಿಯುವನಾ?" ಎಂದೆ.

ಮರುದಿನ ಸಂಜೆ ಅವಳು ಮೆಟ್ಟಿಲು ಇಳಿದು ಬಂದ ಸದ್ದಿನಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು. ಅರ್ಜಿ ತಲುಪಿದೆ ಎಂದು ಪುರಸಭೆಯಿಂದ ಬಂದ ಪ್ರತಿಯನ್ನು ಮೊಬೈಲಿನಲ್ಲಿ ನನ್ನ ಮುಖಕ್ಕೆ ಹಿಡಿದಳು.

"ಕುಟುಂಬ ಅಂತ ಇರುವಲ್ಲಿ ಇದು ಯಾರ ಹೆಸರು ಹಾಕಿದ್ದು ನೀನು?"

"ಅವನ ಕುಟುಂಬದ್ದೇ."

"ಇದು ಅವನ ತಾಯಿಯ ತವರಿನ ಹೆಸರು!"

"ಅದೇ ಅಲ್ವಾ ಮಾರಾಯ್ತಿ, ತಾಯಿದಲ್ಲದೆ ಮತ್ತೆ ಯಾರದ್ದು?"

ಹೇಳಿದ ಮೇಲೆ ನನಗೇ ಹೊಳೆಯಿತು. ನಾವು ತುಳುವರು. ನಮ್ಮಲ್ಲಿ ಬರಿ ಎಂಬುದು ಉಂಟು, ತಾಯಿಯಿಂದ ಮಕ್ಕಳಿಗೆ ಬರುವ ಬಳ್ಳಿ ಅದು. ಅಪ್ಪ ಯಾವ ಬರಿಯವನೇ ಆಗಲಿ, ಮಕ್ಕಳು ಅಮ್ಮನ ಬರಿ. ಕುಟುಂಬದ ಮನೆ ಎಂದರೆ ಅಮ್ಮನ ಕಡೆಯ ಮನೆ. ದೈವಕ್ಕೆ ಕೈ ಮುಗಿಯುವುದೂ ಅಲ್ಲೇ, ಸೂತಕ ಹಿಡಿಯುವುದೂ ಅಲ್ಲಿಯದ್ದೇ. ನನ್ನ ಮಗಳ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಇದ್ದರೂ ಊರಿನಲ್ಲಿ ಯಾರಾದರೂ ನಿನ್ನದು ಯಾವ ಕುಟುಂಬ ಎಂದರೆ ಅವಳು ನನ್ನ ತಾಯಿಯ ಮನೆಯನ್ನೇ ಹೇಳುತ್ತಾಳೆ. ಕುಟುಂಬ ಎಂಬ ಖಾಲಿ ಜಾಗ ಕಂಡ ಕೂಡಲೇ ನನ್ನ ಬೆರಳು ತಾನಾಗಿಯೇ ತಾಯಿಯ ಕಡೆ ಹೋಗಿತ್ತು. ಪ್ರಪಂಚದ ಉಳಿದವರೆಲ್ಲ ಅಪ್ಪನದ್ದು ಬರೆಯುತ್ತಾರೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲೇ ಇಲ್ಲ.

"ನಿಮ್ಮ ಊರಿನ ಪದ್ಧತಿ ನೀನು ಇಟಲಿಗೆ ಕಳಿಸಿದ್ದೀಯ" ಎಂದಳು ಅವಳು. ಕಣ್ಣಲ್ಲಿ ನೀರಿತ್ತು. "ಮತ್ತೆ ಏಳು ತಿಂಗಳು ಕಾಯಲಿಕ್ಕೆ ಅಮ್ಮ ಇರ್ತಾಳಾ?"

ನಾನು ತಪ್ಪು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. "ಅಷ್ಟು ತಲೆಬಿಸಿ ಇದ್ದರೆ ನೀನೇ ಕೂತು ತುಂಬಿಸ್ಬೇಕಿತ್ತು" ಎಂದೆ. ಅವಳು ಬಾಗಿಲು ಹಾಕಿಕೊಂಡು ಹೋದಳು. ನಾನು ತಪ್ಪಿದ್ದೆ, ಅದು ಗೊತ್ತಿದ್ದೂ ಅಂದೆ. ಈಗ ಬರೆಯುವಾಗಲೂ ನಾಚಿಕೆ ಆಗುತ್ತದೆ.

ಎರಡು ಶುಕ್ರವಾರ ನಾನು ಮೇಲೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಎದುರಾದರೆ ಅವಳು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದಳು. ಊರಿಗೆ ಫೋನು ಮಾಡಿ ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡೆ. ನಮ್ಮದು ತುಳುವಿನಲ್ಲಿ ಮಾತು. ಅಮ್ಮ ಪೂರ್ತಿ ಕೇಳಿ, "ಅದರಲ್ಲಿ ತಪ್ಪೆಂತದ್ದು? ಸರಿಯಾಗೇ ಬರೆದಿದ್ದಿ. ಅಪ್ಪನ ಕಡೆ ಕೇಳಿದ್ರೆ ಎಂತ ಸಿಗ್ತದೆ, ಮಣ್ಣು?" ಎಂದರು. ಆಮೇಲೆ ಸ್ವರ ಇಳಿಸಿ, "ಆದ್ರೆ ಆ ಹುಡುಗಿ ಹತ್ರ ಹಾಗೆ ಮಾತಾಡಿದ್ದು ಸರಿ ಅಲ್ಲ. ಹೋಗಿ ಕ್ಷಮೆ ಕೇಳು. ನಿನ್ನ ನಾಲಿಗೆ ನಿನ್ನ ಅಪ್ಪನ ಕಡೆಯದ್ದು" ಎಂದರು. ಅಪ್ಪ ಪಾಪ, ಜೀವಮಾನದಲ್ಲಿ ಒಬ್ಬರಿಗೆ ಗಟ್ಟಿ ಸ್ವರದಲ್ಲಿ ಹೇಳಿದವರಲ್ಲ.

ಮೂರನೆಯ ಶುಕ್ರವಾರ ಗೋಳಿಬಜೆ ಮಾಡಿಕೊಂಡು ಮೇಲೆ ಹೋದೆ. ಬಾಗಿಲು ತೆರೆದದ್ದು ಅಜ್ಜಿ. ಗೋಡೆ ಹಿಡಿದುಕೊಂಡು ನಿಂತಿದ್ದರು. "ಎರಡು ವಾರ ಉಪವಾಸ ಹಾಕಿದಿ ನನ್ನನ್ನು" ಎಂದರು. ಒಳಗೆ ಗೆಳತಿ ಕಾಫಿಬೀಜ ಹುರಿಯುತ್ತಿದ್ದಳು. ನಾನು ಹತ್ತಿರ ಕುಳಿತು, "ತಪ್ಪಾಯ್ತು" ಎಂದೆ. ಅವಳು ಹುರಿಯುವ ಬಾಣಲೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅವರಲ್ಲಿ ಅಷ್ಟೇ ಸಾಕು.

ಹತ್ತು ದಿನ ಕಳೆದು ಇಟಲಿಯಿಂದ ಉತ್ತರ ಬಂತು. ಪುರಸಭೆಯ ಗುಮಾಸ್ತೆ ಬರೆದದ್ದನ್ನು ಗೆಳತಿ ಲ್ಯಾಬಿನಿಂದ ಓಡಿ ಬಂದು ನನ್ನ ಮೇಜಿನ ಹತ್ತಿರ ನಿಂತು ಓದಿದಳು. ಕಮ್ಮಾರ ಎಂಬ ಹೆಸರಿನವರು ತುಂಬ ಇದ್ದಾರೆ, ಆದರೆ ನೀವು ಕುಟುಂಬ ಎಂದು ಬರೆದ ಈ ಇನ್ನೊಂದು ಹೆಸರು ನಮ್ಮ ಪಟ್ಟಣದಲ್ಲಿ ಒಂದೇ ಮನೆಗೆ ಇರುವುದು, ಆ ಮನೆ ನನ್ನ ಚಿಕ್ಕಮ್ಮನ ಮನೆಯ ಪಕ್ಕದ್ದು, ಹಾಗಾಗಿ ನಿಮ್ಮ ಅರ್ಜಿಯನ್ನು ಕೈಯಲ್ಲೇ ತೆಗೆದುಕೊಂಡು ಹೋಗಿ ಕೊಟ್ಟೆ ಎಂದು ಬರೆದಿದ್ದಳು. ಆ ಪುಣ್ಯಾತ್ಗಿತ್ತಿಯನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಫೈಲನ್ನು ಟೇಬಲಿನಿಂದ ಟೇಬಲಿಗೆ ದೂಡುವವರೇ ಜಾಸ್ತಿ ಇರುವ ಈ ಕೆಲಸದಲ್ಲಿ, ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾಗಿಲು ತಟ್ಟಿದಳಲ್ಲ!

ಆ ಒಂಟಿ ಮನೆಯಲ್ಲಿದ್ದವರು ನಿವೃತ್ತ ಶಾಲಾ ಟೀಚರು. ಮೇಸ್ತ್ರಿಯ ಸೋದರಮಾವನ ಮೊಮ್ಮಗಳು. ಅವರ ಕಾಗದ ಮರುವಾರ ಬಂತು. ಆಫ್ರಿಕಾದಿಂದ ತಿರುಗಿ ಬಂದ ಮೇಸ್ತ್ರಿ ಅಪ್ಪನ ಮನೆಗೆ ಹೋಗಲಿಲ್ಲವಂತೆ. ಅಲ್ಲಿ ಏನೋ ಮನಸ್ತಾಪ. ಇವರ ಮನೆಯಲ್ಲೇ, ಮಾವನ ಜೊತೆ, ದನದ ಹಟ್ಟಿಯ ಮೇಲಿನ ಕೋಣೆಯಲ್ಲಿದ್ದ. ಮದುವೆ ಆಗಲಿಲ್ಲ. ಕಲ್ಲುಕೋರೆಯಲ್ಲಿ ಕೆಲಸ ಮಾಡಿ, ಎದೆಗೆ ದೂಳು ತುಂಬಿ, ಬೇಗ ಹೋದ. ಅವನ ತಾಯಿಯ ಪ್ರಾರ್ಥನಾ ಪುಸ್ತಕ ಇವರ ಮನೆಯಲ್ಲೇ ಉಳಿದಿದೆ. ಅದರೊಳಗೆ ಅಸ್ಮಾರದಿಂದ ಮಗ ಬರೆದ ಒಂದು ಪತ್ರವೂ ಉಂಟು. ಪತ್ರದ ಫೋಟೊ ಜೊತೆಗಿತ್ತು.

ನಾನು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಗೆಳತಿಯ ಮುಖ ನೋಡಿದೆ. ಮೊಬೈಲಿನಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದ್ದಳು. ನನಗೂ ಕೊಟ್ಟಳು. ಉದ್ದ ಪತ್ರ ಅಲ್ಲ. ಮೊದಲು ಚಳಿ, ಕೆಲಸ, ಯುದ್ಧದ ಗುಸುಗುಸು. ಆಮೇಲೆ, ನನಗೆ ಹೆಣ್ಣು ಮಗು ಹುಟ್ಟಿದೆ, ಅಮ್ಮ, ನಿನ್ನ ಹೆಸರನ್ನೇ ಇಟ್ಟಿದ್ದೇನೆ, ನಿನ್ನ ಹಾಗೆಯೇ ಹಣೆ ಅಗಲ ಎಂದು ಬರೆದಿದ್ದ. ಅವರ ಕಡೆ ಮೊದಲ ಹೆಣ್ಣು ಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ಪದ್ಧತಿ ಎಂದು ಟೀಚರು ವಿವರಿಸಿದ್ದರು. ಅಜ್ಜಿಯ ಸ್ವಂತ ಹೆಸರು ಅಸ್ಮಾರದಲ್ಲಿ ಬೀದಿಗೊಬ್ಬಳಿಗೆ ಇದ್ದ ಸಂತಳ ಹೆಸರು, ಅದನ್ನು ಸನ್ಯಾಸಿನಿಯರು ಇಟ್ಟದ್ದೆಂದೇ ಅವರು ನಂಬಿದ್ದರು. ಕೊನೆಗೆ ಮತ್ತೆ ಮೂರು ಸಾಲು. ಮನೆತನದ ಹೆಸರು ಕೊಡಲು ಈಗ ಬಂದ ಕಾನೂನು ಬಿಡುವುದಿಲ್ಲ. ಹಾಗಾಗಿ ಕೊಟ್ಟಿಲ್ಲ. ಅಪ್ಪನಿಗೆ ಹೇಳಬೇಡ.

ಅಲ್ಲಿಯ ಹೆಂಗಸರಲ್ಲಿ ಹುಟ್ಟಿದ ಮಕ್ಕಳನ್ನು ಇಟಲಿಯವರು ತಮ್ಮದೆಂದು ಬರೆಸಬಾರದು ಎಂಬ ಆ ಕಾನೂನು ಯುದ್ಧ ಮುಗಿದ ಮೇಲೆ ಹೋಯಿತು. ಆಗಲಾದರೂ ಯಾಕೆ ಬರೆಸಲಿಲ್ಲ? ಅದಕ್ಕೆ ಉತ್ತರ ಟೀಚರ ಹತ್ತಿರವೂ ಇರಲಿಲ್ಲ. ಇನ್ನು ಯಾರ ಹತ್ತಿರವೂ ಸಿಗುವುದಿಲ್ಲ.

"ಆ ಕೊನೆಯ ಮೂರು ಸಾಲು ಬೇಡ" ಎಂದಳು ಗೆಳತಿ. ಅಜ್ಜಿಗೆ ಇಟಲಿ ಭಾಷೆ ಚೆನ್ನಾಗಿ ಓದಲು ಬರುತ್ತದೆ, ಶಾಲೆಯಲ್ಲಿ ಕಲಿತದ್ದೇ ಅದು. ಕಣ್ಣಿಗೆ ಮಾತ್ರ ದೊಡ್ಡ ಅಕ್ಷರ ಬೇಕು. "ನೀನು ದೊಡ್ಡದಾಗಿ ಪ್ರಿಂಟ್ ತೆಗೆದುಕೊಡು. ಹೆಸರಿಟ್ಟಲ್ಲಿಯವರೆಗೆ ಸಾಕು."

"ಫೈಲಿನಿಂದ ಹಾಳೆ ತೆಗೆಯುವ ಕೆಲಸ ನನ್ನದಲ್ಲ."

"ಇದು ಫೈಲಲ್ಲ, ನನ್ನ ಅಮ್ಮ!"

"ಅಮ್ಮ ಅಂತಲೇ ಹೇಳೋದು. ಎಂಬತ್ತು ವರ್ಷ ಕಾದವರಿಗೆ ಅರ್ಧ ಕೊಡ್ತೀಯಾ?"

"ಅವಳ ಎದೆ ತಡೆಯದಿದ್ರೆ?"

ಹೃದಯದ ರಿಪೋರ್ಟನ್ನು ಫೈಲಿಗೆ ಸೇರಿಸಿದವಳು ನಾನೇ. ಸಂಜೆ ಎರಡು ಹಾಳೆಗಳಲ್ಲಿ ಪ್ರಿಂಟ್ ತೆಗೆದೆ. ಮೊದಲನೆಯದರಲ್ಲಿ ಹೆಸರಿಟ್ಟ ವಿಷಯದವರೆಗೆ, ಎರಡನೆಯದರಲ್ಲಿ ಉಳಿದ ಮೂರು ಸಾಲು ಮತ್ತು ಸಹಿ. ಎರಡನೆಯದನ್ನು ಮಡಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಕೊಡುವುದೋ ಬಿಡುವುದೋ ಮಗಳೇ ಹೇಳಲಿ ಎಂದು ಅವಳಿಗೂ ತಿಳಿಸಿದೆ.

ಶುಕ್ರವಾರ ಅಜ್ಜಿ ಬಿಳಿ ಅಂಗಿ ಹಾಕಿಕೊಂಡು, ಭೂತಗನ್ನಡಿ ಹಿಡಿದು ಕುಳಿತಿದ್ದರು. ಹಾಳೆಯನ್ನು ಮಡಿಲಲ್ಲಿ ಹರಡಿ, ತುಟಿ ಅಲ್ಲಾಡಿಸುತ್ತ ಓದಿದರು. ಹೆಸರಿನ ಸಾಲಿಗೆ ಬಂದಾಗ ನಿಂತರು. ಇನ್ನೊಮ್ಮೆ ಓದಿದರು. ಆಮೇಲೆ ಕೈ ಹಣೆಗೆ ಹೋಯಿತು. ಈ ತುದಿಯಿಂದ ಆ ತುದಿಗೆ ಅಳೆದು ನೋಡಿ, "ಅಗಲ ಹೌದಾ?" ಎಂದು ನನ್ನನ್ನು ಕೇಳಿದರು. "ಹೌದು ಅಜ್ಜಿ, ಕ್ರಿಕೆಟ್ ಆಡಬಹುದು" ಎಂದೆ. ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಇಷ್ಟಕ್ಕೇ ಮುಗಿಯಲಿ ದೇವರೇ ಅಂದುಕೊಂಡೆ ಆಗ, ಸುಳ್ಳು ಯಾಕೆ ಹೇಳಲಿ.

ಅವರು ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು.

"ಸಹಿ ಇಲ್ಲ" ಎಂದರು. "ಅಮ್ಮನಿಗೆ ಬರೆದ ಕಾಗದಕ್ಕೆ ಯಾರಾದ್ರೂ ಸಹಿ ಹಾಕದೆ ಇರ್ತಾರಾ? ಇನ್ನೊಂದು ಹಾಳೆ ಎಲ್ಲಿ?"

ನಾನು ಗೆಳತಿಯ ಕಡೆ ನೋಡಿದೆ. ಅವಳು ಹೂಜಿಯನ್ನು ಒಲೆಯಿಂದ ಕೆಳಗಿಟ್ಟು, ಬಂದು ತಾಯಿಯ ಕಾಲ ಬಳಿ ಕುಳಿತಳು. ಕೊಡು ಎಂದು ತಲೆ ಅಲ್ಲಾಡಿಸಿದಳು.

ಮೂರು ಸಾಲು ಓದಲು ಎಷ್ಟು ಹೊತ್ತು ಬೇಕು! ಅಜ್ಜಿ ಅದನ್ನು ಹಿಡಿದುಕೊಂಡು ಕುಳಿತೇ ಇದ್ದರು. ಮಗಳು ಅವರ ಮಣಿಕಟ್ಟು ಹಿಡಿದಿದ್ದಳು, ನಾಡಿ ನೋಡುವ ಹಾಗೆ. ಕೊನೆಗೆ ಭೂತಗನ್ನಡಿ ಬದಿಗಿಟ್ಟರು.

"ಹಾಗಾದ್ರೆ ಅವಳೇ" ಎಂದರು. "ಕದ್ದದ್ದು ಅವಳೇ."

"ಅಮ್ಮಾ, ಅದು ಹಾಗಲ್ಲ..." ಎಂದಳು ಮಗಳು.

"ಸುಮ್ಮನಿರು. ಹೇಳ್ತೇನೆ. ಶಾಲೆಗೆ ಸೇರಿಸಲಿಕ್ಕೆ ಕರ್ಕೊಂಡು ಹೋದ ದಿನ ನನಗೆ ನೆನಪುಂಟು. ಅಪ್ಪ ಹೋಗಿ ಆಗಿತ್ತು. ದೂರದ ದಾರಿ. ನನ್ನ ಕೈ ಹಿಡ್ಕೊಂಡು, ಹೆಜ್ಜೆಗೊಂದು ಸಲ ಆ ಹೆಸರು ಹೇಳ್ತಾ ಹೋದಳು. ಹೇಳುವುದು, ನಿಲ್ಲುವುದು, ಪುನಃ ಹೇಳುವುದು. ನನಗೆ ಕಲಿಸ್ತಿದ್ದಾಳೆ ಅಂತ ಗ್ರಹಿಸಿದ್ದೆ ನಾನು. ಬರ್ತದೆ ಅಮ್ಮ, ಸಾಕು ಅಂತ ಜಗಳ ಕೂಡ ಮಾಡಿದೆ." ಸ್ವಲ್ಪ ಉಸಿರು ತೆಗೆದುಕೊಂಡರು. "ನನಗೆ ಬರ್ತಿತ್ತು. ಅವಳಿಗೆ ಬರ್ತಿರ್ಲಿಲ್ಲ. ಓದು ಬರಹ ಇಲ್ಲ, ಆ ಭಾಷೆ ನಾಲಿಗೆಗೆ ತಿರುಗುವುದಿಲ್ಲ. ಸನ್ಯಾಸಿನಿಯರ ಎದುರು ಒಂದು ಅಕ್ಷರ ತಪ್ಪಿದ್ರೆ ಸಿಕ್ಕಿ ಬೀಳ್ತಿದ್ದಳು. ಬಾಯಿಪಾಠ ಮಾಡ್ತಿದ್ದದ್ದು ಅವಳು."

ಕೆಳಗೆ ಬೀದಿಯಲ್ಲಿ ಯಾರೋ ಕಾರಿನ ಹಾರನ್ ಒತ್ತುತ್ತಲೇ ಇದ್ದರು, ನನಗೆ ಅವನ ತಲೆಗೆ ಎರಡು ಕೊಡುವ ಅನ್ನಿಸುವಷ್ಟು ಸಿಟ್ಟು ಬಂತು.

"ಹೆಸರು ಇಲ್ಲದಿದ್ರೆ ಆ ಶಾಲೆಯಲ್ಲಿ ನನ್ನನ್ನು ಒಳಗೆ ಬಿಡ್ತಿರ್ಲಿಲ್ಲ" ಎಂದರು ಅಜ್ಜಿ. "ಹೆದರಿ ಸಾಯ್ತಿದ್ದಳು ಆವತ್ತು. ಕೈ ಬೆವರ್ತಿತ್ತು, ನನಗೆ ಈಗಲೂ ಗೊತ್ತಾಗ್ತದೆ. ಅವಳನ್ನು ಕಳ್ಳಿ ಅಂದೆ ನಾನು. ಊಟ ಬಡಿಸಿದಳು. ತಿಂದೆ."

ಅಳಲು ಶುರು ಮಾಡಿದರು. ಸಣ್ಣ ಮಕ್ಕಳ ಹಾಗೆ, ಬಾಯಿ ತೆರೆದು, ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆಯುತ್ತ. ಮಗಳು ಅಪ್ಪಿಕೊಂಡಳು. ನಾನು ಏನು ಮಾಡುವುದೆಂದು ತೋಚದೆ ಒಳಗೆ ಹೋಗಿ ನೀರು ತಂದೆ, ಮಾತ್ರೆ ತಂದೆ. ಎದೆಗೆ ಏನೂ ಆಗಲಿಲ್ಲ. ಅತ್ತು ಅತ್ತು ಸುಸ್ತಾಗಿ ದಿಂಬಿಗೆ ಒರಗಿದರು, ಅಷ್ಟೆ. ಆಮೇಲೆ ಕಾಫಿ ಕೇಳಿದರು. ಮೂರು ಸುತ್ತನ್ನೂ ಕುಡಿದರು.

ನನಗೆ ಆಗ ಇನ್ನೊಂದು ವಿಷಯ ಹೊಳೆಯಿತು. ಗಂಡಸಿಗೆ ಕೂಡ ತಾಯಿಯ ಕುಟುಂಬ ಹುಡುಕಿ ಬರೆದವಳು ನಾನು. ಇಟಲಿಯ ಗುಡ್ಡದ ಮೇಲಿನ ಪಟ್ಟಣಕ್ಕೆ, ಅಲ್ಲಿಯ ಹಟ್ಟಿಯ ಮೇಲಿನ ಕೋಣೆಯವರೆಗೆ ಹೋಗಿ ಮುಟ್ಟಿದ್ದೆವು. ಇಷ್ಟು ಶುಕ್ರವಾರದಲ್ಲಿ ಒಂದು ದಿನ, ಒಂದೇ ಒಂದು ದಿನ, ಈ ಅಜ್ಜಿಯ ಅಮ್ಮನ ಬಗ್ಗೆ ನಾನು ಕೇಳಿರಲಿಲ್ಲ. ಅಡುಗೆ ಮಾಡಿ ಬಟ್ಟೆ ಒಗೆಯುತ್ತಿದ್ದ ಹುಡುಗಿ ಎಂದು ಹೇಳಿದ್ದಕ್ಕೇ ಸುಮ್ಮನಾಗಿದ್ದೆ.

ಹತ್ತಿರ ಹೋಗಿ ಕುಳಿತೆ. "ಅಜ್ಜಿ, ನಿಮ್ಮ ಅಮ್ಮನ ಊರು ಯಾವುದು? ಅವರ ಮನೆಯವರು ಯಾರು? ಈಗಲೇ ಬರ್ಕೊಳ್ತೇನೆ. ಹುಡುಕುವ" ಎಂದೆ. ಬ್ಯಾಗಿನಿಂದ ಪೆನ್ನು ತೆಗೆದೆ.

ಅಜ್ಜಿ ಕಣ್ಣು ಮುಚ್ಚಿದರು. ಹಣೆ ಗಂಟಿಕ್ಕಿತು, ಬಿಚ್ಚಿತು. ತುಟಿ ಏನೋ ಹುಡುಕಿತು.

"ಗೊತ್ತಿಲ್ಲ ಮಗಳೇ" ಎಂದರು. "ನಾನು ಕೇಳ್ಲೇ ಇಲ್ಲ."